ಅವ್ವನ ಬಾಯಿಂದಲೇ

ಮೊಮ್ಮಗಳು ಇವತ್ತೂ ಬಾಗಿಲು ಹಾಕಿಕೊಂಡಿದ್ದಳು. ಕಾಟಮ್ಮ ಕಡಲೆಕಾಯಿ ಸುಲಿಯುವುದನ್ನು ಬಿಟ್ಟು ಎದ್ದು ಹೋಗಿ ಬಾಗಿಲಿಗೆ ಕಿವಿಗೊಟ್ಟಳು. ಒಳಗೆ ದಿವ್ಯಾ ಮೆಲ್ಲಗೆ, ರಾಗವಾಗಿ ಏನನ್ನೋ ಹೇಳುತ್ತಿದ್ದಳು. ನಡುಮನೆಯ ಮಗ್ಗದ ಸದ್ದಿನಲ್ಲಿ ಮಾತು ತಿಳಿಯಲಿಲ್ಲ. ಒಳಗಿದ್ದ ಇನ್ನೊಂದು ಜೀವ ಸೊಸೆ ವನಜಾಕ್ಷಿ. ಅವಳಿಗೆ ಮಾತಿಲ್ಲ. ಹಾಗಾದರೆ ಹುಡುಗಿ ಫೋನಿನಲ್ಲಿ ಯಾವನ ಹತ್ತಿರವೋ ಮಾತಾಡುತ್ತಿದ್ದಾಳೆ.

ಬಾಗಿಲು ತಟ್ಟಿದಳು. "ಏನೇ ಮಾಡ್ತಿದ್ದೀಯಾ ಒಳಗೆ?"

"ಅವ್ವಂಗೆ ಮಾತು ಕಲಿಸ್ತಿದೀನಿ ಅಜ್ಜಿ."

"ಅದಕ್ಕೆ ಬಾಗ್ಲು ಯಾಕೆ ಹಾಕ್ಬೇಕು?"

"ಯಾರಾದ್ರೂ ನೋಡ್ತಿದ್ರೆ ಅವ್ವ ನಾಚ್ಕಂತಾಳೆ."

ಎರಡು ವರ್ಷದ ಹಿಂದೆ ಲಕ್ವ ಹೊಡೆದು ವನಜಾಕ್ಷಿಯ ಬಲಗೈ ಬಿದ್ದಿತ್ತು, ಮಾತು ನಿಂತಿತ್ತು. ಯಾರು ಏನು ಹೇಳಿದರೂ ತಿಳಿಯುತ್ತಿತ್ತು. ತಿರುಗಿ ಹೇಳಲು ಒಂದು ಪದವೂ ಹುಟ್ಟುತ್ತಿರಲಿಲ್ಲ. ನೀರು ಬೇಕಾದರೆ ಲೋಟ ಕುಟ್ಟುತ್ತಿದ್ದಳು. ದಿವ್ಯಾ ಆಗಷ್ಟೇ ಮಾತಿನ ಚಿಕಿತ್ಸೆಯ ಡಿಗ್ರಿ ಮುಗಿಸಿದ್ದಳು. ಬೆಳಿಗ್ಗೆ ಚಳ್ಳಕೆರೆಯ ಕ್ಲಿನಿಕ್ಕು, ಮಧ್ಯಾಹ್ನ ಮೊಳಕಾಲ್ಮೂರಿಗೆ ವಾಪಸು ಬಸ್ಸು, ಆಮೇಲೆ ಅವ್ವನ ಸ್ನಾನ, ಊಟ, ಒದ್ದೆಯಾದ ಸೀರೆ. ಜೊತೆಯ ಹುಡುಗಿಯರು ಯಾವ ಯಾವ ಊರಿನಿಂದಲೋ ಫೋಟೊ ಕಳಿಸುತ್ತಿದ್ದರು. ಅವಳು ನೋಡಿ, ಫೋನು ಬೋರಲು ಹಾಕುತ್ತಿದ್ದಳು.

ಈಗ ಎಂ.ಎಸ್ಸಿ.ಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಮೈಸೂರು, ಇನ್ನೊಂದು ಮುಂಬೈ. ಸೋಮವಾರದೊಳಗೆ ಒಂದನ್ನು ಒಪ್ಪಿಕೊಳ್ಳಬೇಕು.

ಸೀಟಿನ ಸುದ್ದಿ ಬಂದ ದಿನವೇ ಅಪ್ಪ ಗಾದ್ರಪ್ಪ ಮಗ್ಗದಿಂದ ಕಣ್ಣೆತ್ತದೆ ತೀರ್ಮಾನ ಹೇಳಿದ್ದ. "ಮೈಸೂರೇ ಸೈ. ಒಂದು ರೂಮು ಮಾಡು, ನಿಮ್ಮವ್ವನ್ನೂ ಕರ್ಕಂಡು ಹೋಗು. ಅಲ್ಲಿ ದೊಡ್ಡ ದೊಡ್ಡ ಡಾಕ್ಟ್ರು ಅವ್ರೆ. ನಿನ್ನ ಓದೂ ಆಗ್ತೈತೆ, ಅವಳ ಬಾಯೂ ಬರ್ತೈತೆ."

"ನನಗೆ ಮುಂಬೈ ಬೇಕಪ್ಪ. ಅವ್ವನ್ನ ಅಜ್ಜಿ ನೋಡ್ಕಂತಾಳೆ."

"ಎರಡು ವರ್ಷ ಹೆತ್ತವ್ವನ್ನ ಬಿಟ್ಟಿರ್ತೀಯಾ?"

ದಿವ್ಯಾ ಅವ್ವನ ಒಣಗಿದ ಸೀರೆ ಮಡಚತೊಡಗಿದಳು. ಗಾದ್ರಪ್ಪ ನಕ್ಕ. "ಆಯ್ತು. ನಿಮ್ಮವ್ವ ಅವಳ ಬಾಯಿಂದಲೇ ಹೋಗು ಅನ್ಲಿ. ನಾನು ಅಡ್ಡ ಬರಲ್ಲ."

ಕಲ್ಲು ಮಾತಾಡಲಿ ಎಂದಂತಿತ್ತು ಅದು. ಮಂಚದ ಮೇಲಿದ್ದ ವನಜಾಕ್ಷಿ ಮಗಳನ್ನೇ ನೋಡಿದ್ದಳು.

ಮಾರನೆಯ ದಿನದಿಂದ ಶುರುವಾಗಿದ್ದ ಬಾಗಿಲ ಹಿಂದಿನ ಪಾಠ ಮುಂದುವರಿಯಿತು. ಕಾಟಮ್ಮನಿಗೆ ಸಮಾಧಾನವಾಗಲಿಲ್ಲ. "ಅಲ್ಲ ಕಣೇ, ಲಕ್ವ ಹೊಡ್ದಿದ್ದ ಚಳ್ಳಕೆರೆ ಜಯದೇವಪ್ಪಂಗೆ ನೀನೇ ಅಲ್ವಾ ಕಲಿಸಿದ್ದು? ನೀರು, ನೋವು, ಬ್ಯಾಡ. ಮೊದ್ಲು ಇಷ್ಟು ಬಂದ್ರೆ ಅರ್ಧ ಬದುಕು ಬಂದಂಗೆ ಅಂತಿದ್ದೆ. ನಿಮ್ಮವ್ವ ಇನ್ನೂ ಲೋಟ ಕುಟ್ತಾನೇ ಅವ್ಳೆ!"

"ಒಬ್ಬೊಬ್ಬರದು ಒಂದೊಂದು ಥರ ಅಜ್ಜಿ."

ಒಂದು ದಿನ ಅಗುಳಿ ಸರಿಯಾಗಿ ಬಿದ್ದಿರಲಿಲ್ಲ. ಸಂದಿಯಿಂದ ಕಾಟಮ್ಮ ನೋಡಿದಳು. ದಿವ್ಯಾ ಅವ್ವನ ಎಡಗೈ ಹಿಡಿದು, ಮಗ್ಗದ ಬಡಿತಕ್ಕೆ ಸರಿಯಾಗಿ ಮಂಚದ ಪಟ್ಟಿಗೆ ತಟ್ಟಿಸುತ್ತಿದ್ದಳು. ವನಜಾಕ್ಷಿಯ ಕಣ್ಣು ಮಗಳ ತುಟಿಯ ಮೇಲೆ ನೆಟ್ಟಿತ್ತು. ಗಂಟಲಿನಿಂದ ಏನೋ ಒಂದು ದನಿ ಹೊರಟಿತು. ಅದನ್ನು ಕೇಳಿ ಅವಳ ಮುಖ ಹಬ್ಬದಂತೆ ಅರಳಿತು. ಫೋನು ಮೂಲೆಯಲ್ಲಿ ಬೋರಲು ಬಿದ್ದಿತ್ತು. ಕಾಟಮ್ಮ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

"ಎಂಥಾ ಮಗಳು ಕಣೇ!" ಎಂದು ಪಕ್ಕದ ಮನೆಯ ದುರುಗಕ್ಕನಿಗೆ ಹೇಳಿದಳು.

"ನನ್ನ ಸೊಸೆಗೂ ಒಂದು ಪಾಠ ಮಾಡಾಕೆ ಹೇಳು. ಅವಳಿಗೆ ಬಾಯಿ ಮುಚ್ಚೋದು ಕಲಿಸ್ಬೇಕು," ಎಂದಳು ದುರುಗಕ್ಕ.

ಭಾನುವಾರ ಸಂಜೆ ದಿವ್ಯಾ ಅವ್ವನಿಗೆ ತಲೆ ಬಾಚಿ, ಕೈಹಿಡಿದು ನಡುಮನೆಗೆ ಕರೆತಂದಳು. ಗಾದ್ರಪ್ಪನ ಲಾಳಿ ಅತ್ತಿತ್ತ ಓಡುತ್ತಿತ್ತು. ಅವ್ವನ ಎಡಗೈ ಮಗಳ ಕೈಯೊಳಗೆ ಮೆಲ್ಲಗೆ ಅಲುಗಿತು. ಬಾಯಿ ಸೊಟ್ಟಗಾಯಿತು, ತುಟಿ ನಡುಗಿತು.

"ಹೋಗು ದಿವ್ಯಾ. ನಾನು ಚೆನ್ನಾಗಿದೀನಿ."

ಮಗ್ಗ ನಿಂತಿತು. ಕಾಟಮ್ಮ ಗೋಡೆ ಹಿಡಿದುಕೊಂಡಳು. "ಇನ್ನೊಂದು ಸಲ ಹೇಳೇ," ಎಂದ ಗಾದ್ರಪ್ಪ. ವನಜಾಕ್ಷಿ ಮತ್ತೆ ಹೇಳಿದಳು. ತನ್ನ ದನಿ ತನಗೇ ಕೇಳಿಸಿದ್ದಕ್ಕೆ ನಕ್ಕಳು, ಅತ್ತಳು.

"ಇದನ್ನ ನಾನು ಹೇಳ್ಕೊಟ್ಟಿಲ್ಲಪ್ಪ," ಎಂದಳು ದಿವ್ಯಾ. "ಅವ್ವನೇ ಹೇಳಿದ್ಲು."

ಗಾದ್ರಪ್ಪ ಹೆಂಡತಿಯ ಮುಂದೆ ಕೂತ. "ನನ್ನ ಹೆಸರು ಹೇಳು ನೋಡೋಣ."

ವನಜಾಕ್ಷಿ ತಿರುಗಿ ಮಗಳ ತುಟಿ ನೋಡಿದಳು.

"ದಣಿದವ್ಳೆ ಅಪ್ಪ, ಇವತ್ತಿಗೆ ಸಾಕು," ಎಂದು ದಿವ್ಯಾ ಅವಳನ್ನು ಒಳಗೆ ಕರೆದೊಯ್ದಳು.

ಕೊಟ್ಟ ಮಾತಿಗೆ ಗಾದ್ರಪ್ಪ ತಪ್ಪಲಿಲ್ಲ. ಹೊರಡುವ ದಿನ ಎಲ್ಲರೂ ಬಸ್‌ಸ್ಟ್ಯಾಂಡಿಗೆ ಬಂದರು. ರೈಲು ಹಿಡಿಯಲು ಹತ್ತಬೇಕಿದ್ದ ಬಳ್ಳಾರಿ ಬಸ್ಸು ನಿಂತಾಗ ವನಜಾಕ್ಷಿ ಇದ್ದೊಂದು ಕೈಯಲ್ಲಿ ಮಗಳ ಚೂಡಿದಾರದ ವೇಲು ಹಿಡಿದುಕೊಂಡಳು. ಬಿಡಲಿಲ್ಲ. ತಲೆ ಅಲ್ಲಾಡಿಸಿದಳು. ಕುತ್ತಿಗೆಯ ನರ ಉಬ್ಬಿತು.

"ಹೋಗು ದಿವ್ಯಾ. ನಾನು ಚೆನ್ನಾಗಿದೀನಿ."

"ನೋಡ್ರವ್ವ ತಾಯಿ ಕರುಳು. ಬಾಯಿ ಕಳಿಸ್ತೈತೆ, ಕೈ ಹಿಡಿತೈತೆ," ಎಂದು ಕಾಟಮ್ಮ ಕಣ್ಣೊರೆಸಿಕೊಂಡಳು. ಗಾದ್ರಪ್ಪ ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ದಿವ್ಯಾ ಹತ್ತಿ, ಇವರು ಕಾಣದ ಆ ಕಡೆಯ ಕಿಟಕಿಗೆ ಕೂತಳು.

ಮನೆಗೆ ಬಂದ ಮೇಲೆ ವನಜಾಕ್ಷಿ ಲೋಟ ಕುಟ್ಟಿದಳು.

"ಈಗ ಮಾತು ಬಂದೈತಲ್ಲವ್ವ, ಬಾಯಿಬಿಟ್ಟು ಕೇಳು. ಏನು, ನೀರಾ?" ಎಂದಳು ಕಾಟಮ್ಮ, ತಂಬಿಗೆ ಹಿಡಿದು ಬಂದು.

ವನಜಾಕ್ಷಿ ಲೋಟ ಎದೆಗವಚಿಕೊಂಡು ಬಾಯಿ ತೆರೆದಳು. ಬಹಳ ಹೊತ್ತು ತಿಣುಕಿದಳು.

"ಹೋಗು ದಿವ್ಯಾ. ನಾನು ಚೆನ್ನಾಗಿದೀನಿ."

"ದಿವ್ಯಾ ಹೋದ್ಲು ಕಣವ್ವ. ನಿನಗೇನು ಬೇಕು? ಎಲ್ಲಾದ್ರೂ ನೋವೈತಾ?"

"ಹೋಗು ದಿವ್ಯಾ. ನಾನು ಚೆನ್ನಾಗಿದೀನಿ." ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಕಾಟಮ್ಮನ ಕೈಯಿಂದ ತಂಬಿಗೆ ಜಾರಿತು: ಮುಚ್ಚಿದ ಬಾಗಿಲ ಹಿಂದೆ ಮಗಳು ಕಲಿಸಿದ್ದು ಅದಿಷ್ಟನ್ನೇ, ಎಲ್ಲರಿಗೂ ಮೊದಲು ಕಲಿಸುವ 'ಬ್ಯಾಡ'ವನ್ನು ಅವ್ವನಿಗೆ ಕಲಿಸಿರಲೇ ಇಲ್ಲ.