ಇಪ್ಪತ್ತಮೂರನೆಯ ನಿಮಿಷದ ಆಂಟಿ

ಇಪ್ಪತ್ತಮೂರನೆಯ ನಿಮಿಷದಲ್ಲಿ ಕ್ಯಾಮೆರಾ ಆ ಹೆಂಗಸಿನ ಮೇಲೆ ಮೂರೇ ಮೂರು ಸೆಕೆಂಡು ನಿಂತಿತ್ತು. ಸುತ್ತ ಕೂದಲು ಬಿಚ್ಚಿ ತಲೆ ಕೊಡವುತ್ತಿದ್ದ ಹುಡುಗರು. ನಡುವೆ ಕೈಚೀಲವನ್ನು ಹೊಟ್ಟೆಗೆ ಅವಚಿಕೊಂಡು, ಅಂಗೈಯಿಂದ ಕಿವಿ ಮುಚ್ಚಿ, ಕಣ್ಣು ಕಿರಿದು ಮಾಡಿ ನಿಂತ, ಐವತ್ತು ದಾಟಿದ ಒಬ್ಬಳು. ಬ್ಯಾಂಡಿನ ಕಾರ್ಯಕ್ರಮದ ವಿಡಿಯೊ ಹಾಕಿ ಎರಡು ದಿನವಾಗಿತ್ತು. ಹಾಡುಗಳಿಗಿಂತ ಹೆಚ್ಚು ಅಭಿಪ್ರಾಯ ಅವಳಿಗೇ ಬಂದಿತ್ತು.

ಬ್ಯಾಂಡಿನ ಗಾಯಕ ತಾಲೀಮಿನ ಕೋಣೆಯಲ್ಲಿ ಕಾಲು ಚಾಚಿ ಕೂತು ಒಂದೊಂದನ್ನೇ ಓದುತ್ತಿದ್ದ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಹಳೆಯ ಹಾಸಿಗೆ ಒರಗಿಸಿದ್ದ ಕೋಣೆ. ಗಿಟಾರು ಬೆಂಕಿ ಎಂದು ಒಬ್ಬ ಬರೆದಿದ್ದ. ಬೆಂಕಿಯಲ್ಲ ಬರೀ ಹೊಗೆ, ಹಳೆಯ ಆಲ್ಬಮ್ಮಿನ ಖದರು ಎಲ್ಲಿ ಹೋಯಿತು ಎಂದು ಇನ್ನೊಬ್ಬ. ಇವರಿಬ್ಬರ ಜಗಳಕ್ಕೇ ನಲವತ್ತು ಉತ್ತರ. ಆಮೇಲೆಲ್ಲ ಆಂಟಿ. ಹಲ್ಲಿನ ಡಾಕ್ಟರ ಹತ್ತಿರ ಹೊರಟವಳು ಬಾಗಿಲು ತಪ್ಪಿ ಬಂದಿರಬೇಕು. ಮಗನನ್ನು ಕಿವಿ ಹಿಂಡಿ ಎಳೆದೊಯ್ಯಲು ಬಂದು ತನ್ನ ಕಿವಿಯನ್ನೇ ಹಿಡಿದುಕೊಂಡಿದ್ದಾಳೆ. ಪಾಪ, ಯಾರಾದರೂ ಒಂದು ಕುರ್ಚಿ ಕೊಡಿ.

ಆ ಮೂರು ಸೆಕೆಂಡನ್ನು ಕತ್ತರಿಸಿ, ಸುತ್ತಿ ಸುತ್ತಿ ಬರುವಂತೆ ಮಾಡಿ, ಸಂಜೆಯೊಳಗೆ ಹಾಕಿಬಿಡಬೇಕೆಂಬುದು ಗಾಯಕನ ಆಸೆ. ನಾಲ್ವರೂ ಒಪ್ಪದೆ ಏನನ್ನೂ ಹಾಕುವಂತಿಲ್ಲ ಎಂಬುದು ಬ್ಯಾಂಡಿನ ಕಟ್ಟಳೆ. ಮೂವರ ಒಪ್ಪಿಗೆ ಆಗಿತ್ತು.

"ಇರುವೆ, ನಿಂದೊಂದು ಹೂಂ ಬಾಕಿ," ಎಂದ.

ಡ್ರಮ್ಮುಗಳ ಹಿಂದೆ ಕೂತರೆ ಹಣೆ ಮಾತ್ರ ಕಾಣುವಷ್ಟು ಗಿಡ್ಡಿಯಾದ್ದರಿಂದ ಡ್ರಮ್ಮು ಬಾರಿಸುವವಳಿಗೆ ಆ ಅಡ್ಡಹೆಸರು. ಅವಳು ಕೋಲಿನ ತುದಿಯ ಸಿಬಿರು ಕೀಳುತ್ತಿದ್ದಳು. ವಿಡಿಯೊದ ಆ ಹೆಂಗಸಿನಂತೆ ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುವವರು, ಅವಳಿಗೆ ಗೊತ್ತಿದ್ದ ಮಟ್ಟಿಗೆ, ಇಡೀ ಊರಿಗೆ ಒಬ್ಬರೇ. ನೋಡಿದ ಮೊದಲ ಸಲವೇ ಗುರುತು ಹತ್ತಿತ್ತು. ಅಮ್ಮ ಬರುವುದಿಲ್ಲ ಎಂದಿದ್ದಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಮೆಕ್ಯಾನಿಕ್ಕು ಅಮ್ಮ. "ನನಗೆ ಗದ್ದಲದಲ್ಲಿ ನಿಲ್ಲೋಕೆ ಸಂಬಳ ಕೊಡ್ತಾರೆ, ನಿಮ್ಮೋರು ದುಡ್ಡು ಕೊಟ್ಟು ಬಂದು ನಿಲ್ತಾರೆ," ಎಂದು ಮುಖ ತಿರುಗಿಸಿದ್ದಳು. ಅಮ್ಮನಿಗೆಂದು ಕನ್ನಡಿಯ ಅಂಚಿಗೆ ಸಿಕ್ಕಿಸಿಟ್ಟ ಪುಕ್ಕಟೆ ಪಾಸು ಇಂದಿಗೂ ಅಲ್ಲೇ ಇದೆ. ಆದರೂ ಬಂದಿದ್ದಾಳೆ; ಬಂದು ತಡೆಯಲಾರದೆ ಕಿವಿ ಮುಚ್ಚಿಕೊಂಡಿದ್ದಾಳೆ. ಅದನ್ನು ಕಂಡು ಊರೆಲ್ಲ ನಗುತ್ತಿರುವಾಗ ನಮ್ಮಮ್ಮ ಎನ್ನಲು ಅವಳಿಗೆ ಬಾಯಿ ಬಂದಿರಲಿಲ್ಲ. ಈಗ ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಹೂಂ ಎಂದುಬಿಟ್ಟರೆ ಮನೆಗೆ ಯಾವ ಮುಖ ಹೊತ್ತು ಹೋಗುವುದು?

"ಇಲ್ಲೊಬ್ಬ ಮಹಾನುಭಾವ ನೋಡು," ಗಾಯಕ ನಗುತ್ತ ಮುಂದೆ ಓದಿದ. ಫೋಟೊ ಇಲ್ಲ, ಹೆಸರಿನ ಜಾಗದಲ್ಲಿ ಬರೀ ಅಂಕಿ. "ಎಡಗಾಲಿನ ಪೆಡಲ್ ವಾಪಸ್ ಬರುವುದು ತಡ. ಸ್ಪ್ರಿಂಗ್ ಸೋತಿದೆ. ಬದಲಿಸುವುದು." ಅದು ಶೈಲಿ ಸ್ವಾಮಿ, ರಿಪೇರಿ ಅಲ್ಲ ಎಂದು ಅಭಿಮಾನಿಗಳು ಆ ಮಹಾನುಭಾವನನ್ನು ಹುರಿದು ಮುಕ್ಕಿದ್ದರು.

ಅವಳ ಕೈ ನಿಂತಿತು. ದೊಡ್ಡ ಡ್ರಮ್ಮಿಗೆ ಅವಳು ಎರಡು ಕಾಲಲ್ಲೂ ಹೊಡೆಯುತ್ತಾಳೆ, ಕಾಲಿಗೊಂದು ಪೆಡಲ್. ಎಡಗಡೆಯದು ಒಂದು ಕೂದಲೆಳೆಯಷ್ಟು ಹಿಂದೆ ಬೀಳುತ್ತಿರುವುದು ಅವಳ ಪಾದಕ್ಕಷ್ಟೇ ಗೊತ್ತಿತ್ತು. ಮತ್ತೆ ಆ 'ಬದಲಿಸುವುದು'. ಕೆಟ್ಟ ಯಂತ್ರದ ಕುತ್ತಿಗೆಗೆ ಕಟ್ಟುವ ಚೀಟಿಯಲ್ಲಿ ಹಾಗೆ ಬರೆಯುತ್ತಾರೆ. ಚಿಕ್ಕಂದಿನಲ್ಲಿ ಒಮ್ಮೆ ಕಾರ್ಖಾನೆಗೆ ಹೋದಾಗ ನೋಡಿದ್ದಳು. ಅರವತ್ತು ಯಂತ್ರ ಒಟ್ಟಿಗೆ ಓಡುತ್ತಿದ್ದ ದೊಡ್ಡ ಕೋಣೆಯಲ್ಲಿ ಅಮ್ಮ ಒಂದು ಕಿವಿಗೆ ಅಂಗೈ ಒತ್ತಿ, ತಲೆ ವಾಲಿಸಿ, ಸಾಲುಗಳ ನಡುವೆ ನಿಧಾನ ನಡೆದು, ನಾಲ್ಕನೆಯ ಸಾಲಿನ ಒಂದು ಯಂತ್ರದ ಮುಂದೆ ನಿಂತಿದ್ದಳು. ಕೆಟ್ಟಿರೋದು ಇದೇ, ಎಂದಿದ್ದಳು.

"ಹಾಕಬೇಡ. ಅದು ನಮ್ಮಮ್ಮ."

ಗಾಯಕನ ನಗು ಮುಖದಲ್ಲೇ ಅಂಟಿಕೊಂಡಿತು. ಮೊದಲೇ ಹೇಳಬಾರದಿತ್ತೇ, ಅಷ್ಟು ಹಿಂಸೆಯಾಯಿತೇ ಅವರಿಗೆ ಎಂದು ತಡವರಿಸಿದ.

"ಸರಿಯಾಗಿ ನೋಡು. ಒಂದೇ ಕಿವಿ ಮುಚ್ಚಿರೋದು."

"ಇನ್ನೊಂದು?"

"ಅದರಲ್ಲಿ ನನ್ನ ಹೊಡೆತ ಕೇಳಿಸ್ಕೊಳ್ತಿದ್ಲು."

ಸಂಜೆ ಅವಳು ಪೆಡಲನ್ನು ಬಿಚ್ಚಿ ಚೀಲದಲ್ಲಿ ತಂದು, ಆಗಷ್ಟೇ ಕೆಲಸದಿಂದ ಬಂದು ಕೂತಿದ್ದ ಅಮ್ಮನ ಮುಂದೆ ಹಳೆಯ ಪೇಪರು ಹಾಸಿ ಇಟ್ಟಳು. ಎಡಗಡೆಯದು ತಡ ಮಾಡುತ್ತಿದೆಯಂತೆ, ಯಾರೋ ಬರೆದಿದ್ದರು, ಎಂದಳು. ಯಾರೋ ಬರೆದದ್ದನ್ನೆಲ್ಲ ಹೊತ್ತುಕೊಂಡು ತಿರುಗುತ್ತೀಯಾ ಎಂದು ಅಮ್ಮ ಗದರಿದಳು. ಕೈ ಆಗಲೇ ಸಲಕರಣೆಯ ಡಬ್ಬಿಯೊಳಗಿತ್ತು.

"ಪಾಸು ಇಟ್ಟಿದ್ನಲ್ಲಮ್ಮ."

ಅಮ್ಮ ತಲೆ ಎತ್ತಲಿಲ್ಲ. "ಪುಕ್ಕಟೆ ಬಂದೋರು ಚೆನ್ನಾಗಿತ್ತು ಅಂತಲೇ ಹೇಳಬೇಕಾಗುತ್ತೆ," ಎಂದು ಸೋತ ಸ್ಪ್ರಿಂಗನ್ನು ಇಕ್ಕಳದಿಂದ ಕಿತ್ತು ಪೇಪರಿನ ಮೇಲೆ ಹಾಕಿದಳು.

ಹೊಲಿಗೆ ಯಂತ್ರದ್ದೊಂದು ಸ್ಪ್ರಿಂಗು ಅಳತೆಗೆ ಕೂತಿತು. ಅಮ್ಮ ಪೆಡಲನ್ನು ಡ್ರಮ್ಮಿನ ಬದಲು ಬೀರುವಿನ ಮರದ ಬಾಗಿಲಿಗೆ ಬಡಿಯುವಂತೆ ಇಟ್ಟು, ಮಗಳಿಗೆ ಕುರ್ಚಿ ಎಳೆದುಕೊಟ್ಟು, ಪಕ್ಕದಲ್ಲಿ ನೆಲದ ಮೇಲೆ ಕೂತಳು. ಒಂದು ಕಿವಿಗೆ ಅಂಗೈ ಒತ್ತಿ ಕಣ್ಣು ಕಿರಿದು ಮಾಡಿದಳು.

"ಹೂಂ, ತುಳಿ."