ಬರೇ ತಿಳಿಸಿದ್ದು

ಅಣ್ವಸ್ತ್ರ ಒಪ್ಪಂದವನ್ನು ತಡೆಹಿಡಿದರೂ, ಕ್ಷಿಪಣಿ ಹಾರಿಸುವ ಮುನ್ನ ಅಮೆರಿಕಕ್ಕೆ ತಿಳಿಸುತ್ತೇವೆ ಎಂದು ರಷ್ಯಾ ಹೇಳಿದ್ದು ಟಿವಿಯಲ್ಲಿ ಬರುತ್ತಿದ್ದಂತೆ, ನಾಗವೇಣಿ ಜೀನ್ಸ್ ಹೊಲಿಯುವ ಮಿಷನ್ನು ನಿಲ್ಲಿಸಿದಳು. ಗೋಡೆಯಾಚೆ ತಂಗಿ ರೇವತಿಯ ಮಿಷನ್ನು ಓಡುತ್ತಲೇ ಇತ್ತು. ಸಂಕ್ರಾಂತಿಯ ಜಗಳದ ನಂತರ ಇಬ್ಬರಿಗೂ ಮಾತಿರಲಿಲ್ಲ. ಆ ಸದ್ದನ್ನೇ ತಂಗಿಯ ದನಿಯೆಂದು ಅವಳು ಕೇಳಿಸಿಕೊಳ್ಳುತ್ತಿದ್ದಳು.

ಮನೆಗಳಿಗೆ ಹೊಲಿಯಲು ಕೊಡುವ ಕತ್ತರಿಸಿದ ಬಟ್ಟೆ ಹೊತ್ತ ಟೆಂಪೋ ರಾಯದುರ್ಗದ ಅವರ ಓಣಿಗೆ ತಿರುಗಿತು. ಮೊದಲು ಹೋದವರಿಗೆ ಸುಲಭದ ಕೆಲಸ ಸಿಗುತ್ತಿತ್ತು. ಎದ್ದ ನಾಗವೇಣಿ ಬಾಗಿಲಿಗೆ ಹೋಗದೆ, ಕತ್ತರಿಯ ಹಿಡಿಯಿಂದ ಗೋಡೆ ತಟ್ಟಿದಳು.

ಆಚೆಯ ಮಿಷನ್ನು ನಿಂತಿತು. “ಮಾತು ಬಿಟ್ಟೋರು ಗೋಡಿ ಯಾಕ ಬಡೀತೀರಿ, ಅಕ್ಕಾರ?”

“ಟೆಂಪೋ ಬಂತು. ಮಾತಾಡಿಲ್ಲ, ಬರೇ ತಿಳಿಸೀನಿ.”

ಆಚೆ ಪಾತ್ರೆಯ ಸದ್ದಾಯಿತು. ಆಮೇಲೆ ರೇವತಿ ಅಂದಳು: “ಹಂಗಾರ ನಂದೂ ತಿಳ್ಕೋರಿ. ಚಾ ಇಟ್ಟೀನಿ, ಎರಡು ಲೋಟ.”