ಹೇಸಿಗೆಯ ಭಾನುವಾರಗಳು

“ಮತ್ತೆ ಹೊರಟ್ಯಾ, ಹೇಸಿಗೆ ನೋಡೋಕೆ?”

ಕ್ಷೌರಿಕ ತೊರ್ಕ್ವಾತೊ ಅಂಗಡಿ ಬಾಗಿಲಲ್ಲೇ ನಿಂತು ಕೂಗಿದ. ಚೌಕದಲ್ಲಿದ್ದವರೆಲ್ಲ ತಿರುಗಿ ನೋಡಿದರು. ದರ್ಜಿ ಎರ್ಸಿಲಿಯೊ ಹ್ಯಾಟು ಸರಿಮಾಡಿಕೊಂಡ.

“ಹೇಸಿಗೆ ಅಲ್ದೆ ಇನ್ನೇನು? ಕಾಲು ಮೇಜಿನ ಮೇಲೆ. ಹ್ಯಾಟು ತಲೆ ಮೇಲೆ, ಅದೂ ಮನೆಯೊಳಗೆ! ದಿನವಿಡೀ ದನದ ಹಾಗೆ ಮೆಲುಕು. ಥೂ!”

“ಆದ್ರೂ ಒಂದು ಭಾನುವಾರ ತಪ್ಪಿಸಲ್ಲ ನೀನು.”

“ಶತ್ರು ಏನು ಮಾಡ್ತಿದ್ದಾನೆ ಅಂತ ತಿಳ್ಕೋಬೇಡ್ವಾ?”

“ಅದೇನೇ ಹೇಳು, ಆ ಸಿನಿಮಾ ನಟ ಡಸ್ಟಿ ಮಾರ್ಗನ್ ಅಮೆರಿಕದವನಾದ್ರೂ ನಮ್ಮ ಭಾಷೆ ಎಷ್ಟು ಚೆನ್ನಾಗಿ ಮಾತಾಡ್ತಾನೆ!”

“ನಾಲಿಗೆ ಬಾಡಿಗೆದು, ದಡ್ಡ,” ಎಂದು ಎರ್ಸಿಲಿಯೊ ನಡೆದುಬಿಟ್ಟ.

ಯುದ್ಧ ಮುಗಿದು ಅಮೆರಿಕದ ಸೈನಿಕರು ಊರು ಬಿಟ್ಟು ಹೋಗಿ ಎಷ್ಟೋ ವರ್ಷವಾಗಿತ್ತು. ಅವರ ಎಂಜಲು ಮಾತ್ರ ಹೋಗಿರಲಿಲ್ಲ. ಹುಡುಗರು ಪತ್ರಿಕೆಯ ಚಿತ್ರ ಹರಿದು ತಂದು, ಪ್ಯಾಂಟನ್ನು ತೊಡೆಗೆ ಅಂಟುವಂತೆ ಬಿಗಿ ಮಾಡು ಎನ್ನುತ್ತಿದ್ದರು. ಅಜ್ಜಿಯ ಲೇಸು ತರಬೇಕಾದ ಮದುಮಗಳು ಸಿನಿಮಾ ಪೋಸ್ಟರು ತಂದು, ಬೆನ್ನು ಇಷ್ಟು ಬಿಡು ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಮೇಯರನಿಗೆ ಉಣ್ಣೆಯ ಸೂಟು ಹೊಲಿದ ಕೈ ಎರ್ಸಿಲಿಯೊನದು. ಈಗ ಅದೇ ಕೈ ಸೂಟಿನ ಹಿಂಭಾಗಕ್ಕೆ ಮಂಜುಗಡ್ಡೆ ಉಜ್ಜಿ, ಯಾರೋ ಅಗಿದು ಬಿಟ್ಟ ಚೂಯಿಂಗ್ ಗಮ್ ಕೆರೆಯುತ್ತಿತ್ತು. ಪ್ರತಿ ಸಲ ಕೆರೆದ ಮೇಲೂ ಅವನು ಸೋಪು ಹಚ್ಚಿ ಕೈ ತೊಳೆಯುತ್ತಿದ್ದ.

ಆ ರೋಗ ಅವನ ಮನೆಯನ್ನೂ ಬಿಟ್ಟಿರಲಿಲ್ಲ. ಚರ್ಚಿನಲ್ಲಿ ಬೈಬಲ್ ಪಾಠ ಓದಿ ಮುದುಕಿಯರನ್ನು ಅಳಿಸುತ್ತಿದ್ದ ಅವನ ಮಗ ನೆಲ್ಲೋ, ಒಂದು ದಿನ ನೀಲಿ ಅಮೆರಿಕನ್ ಪ್ಯಾಂಟು ತೊಟ್ಟು ಬಂದು, ರೋಮ್‌ಗೆ ಹೋಗುತ್ತೇನೆ, ಸಿನಿಮಾ ಸೇರುತ್ತೇನೆ ಎಂದ. ಎರ್ಸಿಲಿಯೊ ಎದ್ದ. ದೊಡ್ಡ ಕತ್ತರಿ ತೆಗೆದುಕೊಂಡು ಮಗನ ಮೈಮೇಲಿದ್ದ ಹಾಗೆಯೇ ಆ ಪ್ಯಾಂಟನ್ನು ಮಂಡಿಯ ಮಟ್ಟಕ್ಕೆ ಕತ್ತರಿಸಿದ. “ಇನ್ನು ಈ ಮನೇಲಿ ನಿನ್ನ ದನಿ ಕೇಳಿಸಕೂಡದು,” ಎಂದ. ಹುಡುಗ ಬೆತ್ತಲೆ ಮೊಣಕಾಲು ತೋರಿಸಿಕೊಂಡೇ ಬಸ್ಸು ಹತ್ತಿದ. ಎಲ್ಲೋ ತಟ್ಟೆ ತೊಳೆಯುತ್ತಿದ್ದಾನಂತೆ ಎಂದು ಊರು ಆಡಿಕೊಂಡಿತು.

ಆಮೇಲೆ ಚರ್ಚಿನ ಸಭಾಂಗಣದಲ್ಲೇ ಅಮೆರಿಕದ ಚಿತ್ರಗಳು ಶುರುವಾದವು. ಫಾದರ್ ಫುಲ್ಜೆನ್ಸಿಯೊ ಮೊದಲ ಚಿತ್ರದ ತಪಾಸಣೆಗೆ ಎರ್ಸಿಲಿಯೊನನ್ನೇ ಕರೆದೊಯ್ದರು. ಡಸ್ಟಿ ಮಾರ್ಗನ್ ಕುದುರೆಯಿಂದಿಳಿದು ಬಾಯಿ ತೆರೆದದ್ದೇ ತಡ, ಎರ್ಸಿಲಿಯೊ ಎದ್ದು ಹೊರಗೋಡಿ ಗೋಡೆ ಹಿಡಿದು ವಾಂತಿ ಮಾಡಿಕೊಂಡ. ಊರು ಮೆಚ್ಚಿತು. ಹೇಸಿಗೆ ಅಂದರೆ ಹೀಗಿರಬೇಕು ಎಂದಿತು.

ಆದರೆ ಅಂದಿನಿಂದ ಆ ಮಾರ್ಗನ್‌ನ ಒಂದು ಚಿತ್ರವನ್ನೂ ಅವನು ಬಿಟ್ಟಿರಲಿಲ್ಲ. ಬೇರೆ ನಟರ ಚಿತ್ರವಿದ್ದರೆ ಅತ್ತ ಸುಳಿಯುತ್ತಲೂ ಇರಲಿಲ್ಲ. ಮಾರ್ಗನ್‌ನ ಚಿತ್ರಗಳಲ್ಲೆಲ್ಲ ಅದೇ ನಟಿ, ಹೊಂಬಣ್ಣದ ಕೂದಲಿನವಳು, ಮೈಮೇಲೆ ಬಟ್ಟೆ ಕಡಿಮೆ. ತೊರ್ಕ್ವಾತೊಗೆ ಲೆಕ್ಕ ಸಿಕ್ಕಿತ್ತು.

ಅಲ್ಲದೆ ಕಳೆದ ಭಾನುವಾರ ಅವನು ತನ್ನ ಕಿವಿಯಾರೆ ಕೇಳಿದ್ದ. ಚಿತ್ರ ಮುಗಿಸಿ ಬಂದ ಎರ್ಸಿಲಿಯೊನನ್ನು ಹೆಂಡತಿ ಇಜೊಲೀನಾ ಹೊಸಿಲಲ್ಲೇ ತಡೆದು, “ಹೇಗಿತ್ತು?” ಅಂದಿದ್ದಳು.

“ಹೇಸಿಗೆ. ಅವನಿಗೆ ನೆಗಡಿ ಬೇರೆ. ಮೂಗಲ್ಲೇ ಮಾತಾಡ್ತಾನೆ.”

ಇಜೊಲೀನಾ ಶಾಲಿನ ಅಂಚಿನಲ್ಲಿ ಕಣ್ಣೊರೆಸಿಕೊಂಡಿದ್ದಳು. ಪಾಪದ ಹೆಂಗಸು, ಗಂಡನ ಚಪಲಕ್ಕೆ ನಾಚಿ ಅಳುತ್ತಿದ್ದಾಳೆ ಎಂದುಕೊಂಡ ತೊರ್ಕ್ವಾತೊ ನೆಟ್ಟಗೆ ಫಾದರ್ ಹತ್ತಿರ ಹೋಗಿ ಎಲ್ಲ ಒದರಿದ್ದ.

ಈ ಭಾನುವಾರ ಫಾದರ್ ಸಭಾಂಗಣದ ಬಾಗಿಲಲ್ಲೇ ಕಾಯುತ್ತಿದ್ದರು.

“ಎರ್ಸಿಲಿಯೊ, ಊರು ನಿನ್ನ ಮಾತು ಕೇಳುತ್ತೆ. ನೀನು ಹೂಂ ಅನ್ನು, ನಾಳೆಯಿಂದ ಈ ಮಾರ್ಗನ್ ನಮ್ಮ ಪರದೆ ಹತ್ತಲ್ಲ.”

ಎರ್ಸಿಲಿಯೊನ ಮುಖ ಬಿಳಿಚಿತು. “ಇದೊಂದು ನೋಡ್ಬಿಡ್ತೀನಿ, ಫಾದರ್.”

“ಪ್ರತಿ ಸಲ ಇದೇ ಹಾಡು ನಿಂದು. ಇವತ್ತು ಉತ್ತರ ಬೇಕು. ಇಲ್ಲಾಂದ್ರೆ ನಾನೇ ನಿಲ್ಲಿಸ್ತೀನಿ.”

ಒಳಗೆ ಸಿಗರೇಟಿನ ಹೊಗೆ, ಬೆವರು, ಅಗ್ಗದ ಪೌಡರಿನ ವಾಸನೆ. ಕುರ್ಚಿಗಳ ಮೇಲೂ ಅಡಿಗೂ ಒಣಗಿದ ಗಮ್. ಎರ್ಸಿಲಿಯೊ ಕರವಸ್ತ್ರ ಹಾಸಿ, ಮೂಗು ಮುರಿದು ಕುಳಿತ. ಅವನ ಹಿಂದೆ ಫಾದರ್ ಮತ್ತು ತೊರ್ಕ್ವಾತೊ ಕತ್ತಲಲ್ಲಿ ಬಂದು ನಿಂತರು.

ಚಿತ್ರ ಅರ್ಧಕ್ಕೆ ಬಂತು. ಹೊಂಬಣ್ಣದವಳು ಮರದ ತೊಟ್ಟಿಯಲ್ಲಿ ಸ್ನಾನಕ್ಕಿಳಿದಳು. ಹುಡುಗರು ಶಿಳ್ಳೆ ಹೊಡೆದರು.

“ಈಗ ನೋಡಿ ಫಾದರ್, ಮುದುಕನ ಕಣ್ಣು ಎಲ್ಲಿರುತ್ತೆ ಅಂತ,” ಎಂದು ಪಿಸುಗುಟ್ಟಿದ ತೊರ್ಕ್ವಾತೊ, ಬಾಗಿ ಬೆಂಕಿಕಡ್ಡಿ ಗೀರಿದ.

ಎರ್ಸಿಲಿಯೊನ ಕಣ್ಣುಗಳು ಬಿಗಿಯಾಗಿ ಮುಚ್ಚಿದ್ದವು. ಕೆನ್ನೆ ಒದ್ದೆಯಾಗಿತ್ತು.

ಕಡ್ಡಿ ತೊರ್ಕ್ವಾತೊನ ಬೆರಳು ಸುಟ್ಟು ಆರಿತು. ಪರದೆಯ ಮೇಲೆ ಡಸ್ಟಿ ಮಾರ್ಗನ್ ಬಾಗಿಲು ಒದ್ದು ಒಳಬಂದು, ಕಾಲು ಮೇಜಿನ ಮೇಲೆ ಹಾಕಿ, “ನನ್ನ ಕುದುರೆಗೆ ಸ್ವಲ್ಪ ನೀರು ಕುಡಿಸ್ರಪ್ಪಾ,” ಎಂದ.

ಫಾದರ್ ಎರ್ಸಿಲಿಯೊನ ಭುಜ ಹಿಡಿದರು. “ಇಷ್ಟು ಹಿಂಸೆ ಯಾಕೋ ನಿಂಗೆ? ನಿಲ್ಲಿಸಿಬಿಡ್ಲಾ?”

“ಮೆಲ್ಲಗೆ, ಫಾದರ್,” ಎಂದ ಎರ್ಸಿಲಿಯೊ, ಕಣ್ಣು ತೆರೆಯದೆ. “ನನ್ನ ಮಗ ಮಾತಾಡ್ತಿದ್ದಾನೆ.”

ಫಾದರ್ ತಾವೂ ಕಣ್ಣು ಮುಚ್ಚಿದರು. ಹ್ಯಾಟು, ಪಿಸ್ತೂಲು, ಮೆಲುಕು ಹಾಕುವ ಬಾಯಿ ಎಲ್ಲ ಅಳಿಸಿಹೋಗಿ, ತಾವೇ ಓದು ಕಲಿಸಿದ ನೆಲ್ಲೋನ ದನಿಯೊಂದೇ ಉಳಿಯಿತು. ಅವರು ಕೈಯಿಂದ ತಡವಿ ಪಕ್ಕದ ಕುರ್ಚಿಯನ್ನು ಹುಡುಕಿ, ಗಮ್ ಇದೆಯೋ ಇಲ್ಲವೋ ನೋಡದೆ, ಅದರ ಮೇಲೆ ಕುಳಿತರು.